ಚಿತ್ರಶಾಲೆಯ ಮೇಜಿನ ಮೇಲಿನ ಬ್ರೆಡ್ಡು

ಲ್ಯಾಂಕಷೈರ್, ಮಾರ್ಚ್ ೧೮೬೧

ನಮ್ಮೂರ ಚಿತ್ರಶಾಲೆಯ ಮೇಲ್ವಿಚಾರಕರಾದ ಮಾನ್ಯರೇ,

ನಿಮ್ಮ ಶಾಲೆಯಲ್ಲಿ ಗೆರೆ ಅಳಿಸುವ ಬ್ರೆಡ್ಡೂ ಹಸಿರು ಬಣ್ಣದ ಪುಡಿಯೂ ಒಂದೇ ಮೇಜಿನ ಮೇಲಿರುತ್ತವೆ. ಆ ಹಸಿರಿನಲ್ಲಿ ಪಾಷಾಣವಿದೆ. ನನ್ನ ಮಗಳು ಡಾರ್ಕಸ್ ಹಾಸಿಗೆ ಹಿಡಿದಿದ್ದಾಳೆ. ಬರುವ ಸೋಮವಾರ ಅದೇ ಮೇಜಿಗೆ ಹನ್ನೆರಡು ಹೊಸ ಹುಡುಗಿಯರು ಬರಲಿದ್ದಾರೆ.

ನಿಮ್ಮ ಬೋಧನಾಕ್ರಮದ ಬಗ್ಗೆ ನನಗೆ ಅಪಾರ ಗೌರವ. ಗಾರೆಯಲ್ಲಿ ಅಚ್ಚು ಹಾಕಿದ ಒಂದು ಎಲೆಯನ್ನು ಎದುರಿಗಿಟ್ಟು, ಅದರ ನೆರಳನ್ನು ಚುಕ್ಕೆ ಚುಕ್ಕೆಯಾಗಿ ಏಳು ತಿಂಗಳು ಬರೆಸುತ್ತೀರಿ. ತಪ್ಪಿದರೆ ಬ್ರೆಡ್ಡಿನ ತಿರುಳು ಒತ್ತಿ ಅಳಿಸಬೇಕು. ಉಳಿದ ಅಂಚನ್ನು ಏನು ಮಾಡಬೇಕು? ಗಿರಣಿಯಿಂದ ಹಸಿದು ನೇರವಾಗಿ ಸಂಜೆ ತರಗತಿಗೆ ಬರುವ ಹುಡುಗಿಯರು ಅದನ್ನು ತಿನ್ನುತ್ತಾರೆ. ಬೆಳಗಿನ ತರಗತಿಯವರು ಗೋಡೆಗೆ ಅಂಟಿಸುವ ಚಿತ್ತಾರದ ಕಾಗದದ ಬಳ್ಳಿಗಳಿಗೆಂದು ಹಸಿರು ಅರೆದದ್ದು ಅದೇ ಮೇಜಿನ ಮೇಲಲ್ಲವೇ? ಎಲೆಯ ನೆರಳನ್ನು ಇಷ್ಟು ಸೂಕ್ಷ್ಮವಾಗಿ ನೋಡುವ ಕಣ್ಣಿಗೆ ಮೇಜಿನ ಧೂಳು ಕಾಣಲಿಲ್ಲವೇ?

ನಾನು ಇಪ್ಪತ್ತಾರು ವರ್ಷದಿಂದ ಗೋಡೆಕಾಗದಕ್ಕೆ ಅಚ್ಚೊತ್ತುವವನು. ಹಸಿರು ಒತ್ತುವ ದಿನ ನಮ್ಮ ಊಟದ ಗಂಟು ಒಳಗೆ ಬರುವುದಿಲ್ಲ. ಅಕ್ಷರ ಬಾರದವನೂ ಅದನ್ನು ಅಂಗಳದಲ್ಲೇ ಇಡುತ್ತಾನೆ. ಆದರೂ ಮಗಳು ಶಾಲೆಯಲ್ಲಿ ಏನು ತಿನ್ನುತ್ತಾಳೆಂದು ಅವಳ ಮುಖದಲ್ಲಿ ಹುಣ್ಣೇಳುವವರೆಗೆ ನಾನು ಕೇಳಲಿಲ್ಲ. ಶಾಲೆಯಲ್ಲವೇ ಎಂದುಕೊಂಡೆ. ಆ ಸಂಕಟ ನನ್ನನ್ನು ಸುಡುತ್ತಿದೆ.

"ಏನೇ ಇದು, ಮೂಗಿನ ಸುತ್ತ ಹುಣ್ಣು?" ಎಂದೆ ಒಂದು ದಿನ.

"ಶೀತ ಕಣಪ್ಪ."

"ಶೀತಕ್ಕೆ ಉಗುರು ಹಸಿರಾಗುತ್ತೇನೇ? ಅಲ್ಲೇನು ತಿಂತೀಯ?"

"ಬ್ರೆಡ್ಡಿನ ಅಂಚು, ಅಷ್ಟೇ. ಬಿಸಾಡಿದ್ರೆ ಮೇಷ್ಟ್ರು ಬೈತಾರೆ. ನನ್ನ ಪಕ್ಕ ಕೂರ್ತಿದ್ದ ಮರ್ಸಿನೂ ತಿಂತಿದ್ಳು."

"ತಿಂತಿದ್ಳು ಅಂದ್ರೆ?"

"ಹೋದ ತಿಂಗಳು ಮಣ್ಣು ಮಾಡಿದ್ರಲ್ಲ, ಅಪ್ಪ."

ಮರುದಿನವೇ ತಮ್ಮ ಕೋಣೆಗೆ ಬಂದೆ. ತಾವು ತಲೆಯೆತ್ತದೆ ಹೇಳಿದಿರಿ: "ಹೆಣ್ಣುಮಕ್ಕಳ ಮೈಯೇ ಅಷ್ಟು ನಾಜೂಕು ಕಣಯ್ಯ. ನೀನು ನಿನ್ನ ಅಚ್ಚು ಒತ್ಕೊಂಡಿರು, ಕಲೆಯ ವಿಚಾರ ನಮಗೆ ಬಿಡು." ಗೋಡೆಯಲ್ಲಿ ಮರ್ಸಿಯ ಬಳ್ಳಿಯ ಚಿತ್ರ ಬಹುಮಾನದ ಚೀಟಿಯೊಂದಿಗೆ ತೂಗುತ್ತಿತ್ತು. ಹಸಿರು ಚೆನ್ನಾಗಿ ಮೂಡಿತ್ತು.

ಸೋಮವಾರದೊಳಗೆ ಆ ಬಣ್ಣವನ್ನು ಕೋಣೆಯಿಂದ ಹೊರಹಾಕಿಸಿ, ಮೇಜನ್ನು ಸುಡಿಸಿ. ಅಪಾಯವೇ ಇಲ್ಲವೆಂದು ತಮಗೆ ಖಾತ್ರಿಯಿದ್ದರೆ ಅದೂ ಆಗಲಿ. ಡಾರ್ಕಸಳ ಚೀಲದಲ್ಲಿ ಸಿಕ್ಕ ಒಂದು ಅಂಚನ್ನು ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಸೋಮವಾರ ಶಾಲೆಯ ಬಾಗಿಲಲ್ಲಿ, ಆ ಹನ್ನೆರಡು ಹುಡುಗಿಯರ ಹೆತ್ತವರ ಎದುರು, ಅದನ್ನು ತಮ್ಮ ಕೈಗಿಡುತ್ತೇನೆ. ಚಹಾ ನಾನೇ ತರುತ್ತೇನೆ. ತಾವು ತಿನ್ನಿ.

ಇಂತಿ,
ಮಗಳನ್ನು ತಾನೇ ಕೈಹಿಡಿದು ತಂದು ನಿಮ್ಮ ಶಾಲೆಗೆ ಬಿಟ್ಟ
ಎನಾಕ್ ಥ್ರೆಲ್‌ಫಾಲ್, ಅಚ್ಚುಗಾರ