ಏಳು ತಿಂಗಳ ಮೇಷ್ಟರನ್ನು ವಜಾ ಮಾಡಿದ ಸಾಹೇಬರಿಗೆ

ತರಬೇತಿ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ ಎಂದು ಬರೆದು ಮರುಸಾಲಿಗೇ ಜಗಳ ತೆಗೆಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಜಗಳ ಮುಗಿಯಲಿ, ಮಾನ್ಯತೆಯ ವಿಚಾರ ಆಮೇಲೆ ನೋಡೋಣ. ಎರಡೂವರೆ ತಿಂಗಳ ಹಿಂದೆ ತಾವು ಒಂದು ಆದೇಶ ಹೊರಡಿಸಿ, ನಮ್ಮ ಆಸ್ಪತ್ರೆಯ ತರಬೇತಿ ಕೊಠಡಿಯಿಂದ ಕೂಸುಗಳನ್ನು ಹೊರಗೆ ಹಾಕಿದಿರಿ. ಕೂಸುಗಳ ಜಾಗಕ್ಕೆ ರಬ್ಬರ್ ಗೊಂಬೆ ಬಂತು, ಚಾಪೆಗಳ ಜಾಗಕ್ಕೆ ಕುರ್ಚಿ ಬಂತು. ಅದರ ಫಲವಾಗಿ ವಾಸಿಯಾಗುತ್ತಿದ್ದ ನನ್ನ ಗಂಡನ ಸೊಂಟ ಮತ್ತೆ ಹಿಡಿದುಕೊಂಡಿತು. ಗೊಂಬೆಗೂ ಸೊಂಟಕ್ಕೂ ಏನಮ್ಮ ಸಂಬಂಧ ಎಂದು ಕೇಳುತ್ತೀರಿ. ಅದನ್ನು ಹೇಳಲಿಕ್ಕೇ ಈ ಕಾಗದ.

ನಾನು ಆ ಕೊಠಡಿಯ ಪಕ್ಕದಲ್ಲಿರುವ ಕೂಸಿನ ಮನೆಯ ಆಯಾ. ನರ್ಸಮ್ಮಂದಿರು ಡ್ಯೂಟಿಗೆ ಹೋಗುವಾಗ ತಮ್ಮ ಮಕ್ಕಳನ್ನು ನನ್ನ ಕೈಗೆ ಕೊಟ್ಟು ಹೋಗುತ್ತಾರೆ. ವಯಸ್ಸು ಐವತ್ತು, ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ದಿನಾ ಬೆಳಿಗ್ಗೆ ದೇವರಿಗೆ ಕೈಮುಗಿದು, “ಇವತ್ತು ಯಾವ ಕೂಸೂ ಬೀಳದ ಹಾಗೆ ನೋಡ್ಕೋಪ್ಪಾ, ನಾನೂ ಯಾರ ಮೇಲೂ ಎಗರಾಡದ ಹಾಗೆ ನೋಡ್ಕೋ” ಎಂದು ಬೇಡಿಕೊಂಡೇ ಕೆಲಸ ಶುರು ಮಾಡುವವಳು. ಮೊದಲನೆಯದನ್ನು ಅವನು ಇಲ್ಲಿಯವರೆಗೂ ನಡೆಸಿಕೊಟ್ಟಿದ್ದಾನೆ. ಎರಡನೆಯದಕ್ಕೆ ತಾವು ಅಡ್ಡ ಬಂದಿರಿ.

ಆ ಕೊಠಡಿಯಲ್ಲಿ ನಡೆಯುವ ತರಬೇತಿ ಏನೆಂದು ತಮಗೆ ಗೊತ್ತಿದೆಯೋ ಇಲ್ಲವೋ, ನನಗೆ ಅನುಮಾನ. ಆಟ ಕಲಿಸುವ ಕೋಚುಗಳು, ಸೊಂಟ ಮಂಡಿ ನೋವಿನವರಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋ ಡಾಕ್ಟರುಗಳು ಐದು ದಿನ ಬಂದು ಕಲಿಯುವುದು ಒಂದೇ ವಿಷಯ: ಕೂಸು ಹೇಗೆ ಉಸಿರಾಡುತ್ತದೆ, ಹೇಗೆ ಮಗುಚುತ್ತದೆ, ಹೇಗೆ ಅಂಬೆಗಾಲಿಡುತ್ತದೆ. ನಡುವಿನ ಬಲ ಎಂಬುದು ಅಲ್ಲಿಂದಲೇ ಹುಟ್ಟುತ್ತದಂತೆ. ಅದನ್ನು ಹೇಳಿಕೊಡುವ ದೊಡ್ಡ ಮೇಡಂ ದಿನಾ ಬೆಳಿಗ್ಗೆ ಅರ್ಧ ಗಂಟೆ, ತಾಯಂದಿರ ಒಪ್ಪಿಗೆ ಪಡೆದು, ನಮ್ಮ ಒಂದು ಕೂಸನ್ನು ಚಾಪೆಯ ಮೇಲೆ ಮಲಗಿಸಿ, “ನೋಡಿ, ಕಾಲು ಮೇಲೆತ್ತಿದೆ. ಹೊಟ್ಟೆ ಒಳಗೆ ಎಳ್ಕೊಂಡಿದೆಯಾ? ಇಲ್ಲ. ಉಸಿರು ಮುಂದಕ್ಕೆ, ಪಕ್ಕಕ್ಕೆ, ಬೆನ್ನಿಗೆ, ಸುತ್ತಲೂ ತುಂಬ್ತಾ ಇದೆ. ಅದಕ್ಕೇ ಬೆನ್ನು ಅಲ್ಲಾಡ್ತಿಲ್ಲ. ಈಗ ನೀವೂ ಮಲಗಿ” ಎನ್ನುತ್ತಿದ್ದರು. ದೇವರು ಯಾವ ಸರ್ಟಿಫಿಕೇಟೂ ಕೊಡದೆ ಕಲಿಸಿ ಕಳಿಸಿದ್ದನ್ನು ನಾವು ಕುರ್ಚಿಯಲ್ಲಿ ಕೂತು ಕೂತು ಮರೆಯುತ್ತೇವೆ ಎಂಬುದು ನನಗೆ ಅರ್ಥವಾದದ್ದು ಆ ಬಾಗಿಲಲ್ಲಿ ನಿಂತು ನೋಡಿದಾಗಲೇ.

ಒಂದು ಸಲ ಭಾರ ಎತ್ತುವುದನ್ನು ಕಲಿಸುವ ಕೋಚ್ ಒಬ್ಬರು ಬಂದಿದ್ದರು. ಅವರ ತೋಳು ನನ್ನ ತೊಡೆಯಷ್ಟಿತ್ತು. ಪಕ್ಕದ ಚಾಪೆಯ ಮೇಲೆ ನಮ್ಮ ಗುಂಡಣ್ಣ, ಆಗ ಏಳು ತಿಂಗಳು. ಗುಂಡಣ್ಣ ಆರಾಮಾಗಿ ಮಗುಚಿಕೊಂಡ. ಕೋಚ್ ಮಹಾಶಯರು ಹಲ್ಲು ಕಚ್ಚಿ, ಉಸಿರು ಕಟ್ಟಿ, ಮುಖ ಕೆಂಪು ಮಾಡಿಕೊಂಡು ಅರ್ಧಕ್ಕೆ ಹೊರಳಿ ಅಲ್ಲೇ ನಿಂತರು, ಕಂದಕಕ್ಕೆ ಬಿದ್ದ ಲಾರಿಯಂತೆ.

“ಉಸಿರು ಬಿಡಪ್ಪ, ಕಟ್ಟಬೇಡ” ಎಂದೆ.

“ಬಿಟ್ರೆ ಬಿದ್ದುಹೋಗ್ತೀನಿ ಅಕ್ಕ!”

“ಮಲಗಿರೋದೇ ನೆಲದ ಮೇಲೆ. ಇನ್ನೆಲ್ಲಿಗಪ್ಪ ಬೀಳ್ತೀಯ?”

ಗುಂಡಣ್ಣ ಅಷ್ಟರಲ್ಲಿ ಅಂಬೆಗಾಲಿನಲ್ಲಿ ಹೋಗಿ ಅವರ ಕೊರಳಲ್ಲಿದ್ದ ಸೀಟಿಯನ್ನು ಬಾಯಿಗೆ ಹಾಕಿಕೊಂಡಿದ್ದ. ಆದರೆ ಐದನೆಯ ದಿನ ಆ ಕೋಚ್ ಸಲೀಸಾಗಿ ಮಗುಚಿದರು, ಗುಂಡಣ್ಣನ ಕೈಕುಲುಕಿ ಹೋದರು. ಕಲಿಯುವುದು ಎಂದರೆ ಅದು, ಸಾಹೇಬರೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಮುಚ್ಚಿಟ್ಟರೆ ದೇವರು ಮೆಚ್ಚುವುದಿಲ್ಲ. ತಮ್ಮ ಕಚೇರಿಯಿಂದ ಒಂದು ಹೊಸ ರಿಜಿಸ್ಟರ್ ಬಂತು. “ಯಾವ ಅಂಕಣವನ್ನೂ ಖಾಲಿ ಬಿಡತಕ್ಕದ್ದಲ್ಲ” ಎಂದು ಅದರ ರಟ್ಟಿನ ಮೇಲೇ ಅಚ್ಚಾಗಿತ್ತು. ಮೇಡಂ ಪಾಠದಲ್ಲಿದ್ದರು. ಗುಮಾಸ್ತರು, “ಆಯಮ್ಮ, ನೀವೇ ತುಂಬಿಸಿಬಿಡಿ, ಅವಸರ” ಎಂದು ಪೆನ್ನು ಕೊಟ್ಟರು. ಪ್ರಾತ್ಯಕ್ಷಿಕೆ ನೀಡಿದವರ ಹೆಸರು ಎಂದಿತ್ತು. ಗುಂಡಣ್ಣ ಎಂದು ಬರೆದೆ. ವಿದ್ಯಾರ್ಹತೆ ಎಂದಿತ್ತು, ತುಂಬ ಯೋಚಿಸಿ, ಹಲ್ಲು ಎರಡು ಎಂದು ಬರೆದೆ. ಅನುಭವ: ಏಳು ತಿಂಗಳು. ಸಹಿಗೆ ಅವನ ಹೆಬ್ಬೆಟ್ಟನ್ನು ಶಾಯಿಗೆ ಒತ್ತಿಸಿದೆ. ಉಳಿದ ನಾಲ್ಕು ಬೆರಳನ್ನು ಅವನೇ ಉತ್ಸಾಹದಿಂದ ಒತ್ತಿದ, ಕೊನೆಗೆ ಬಾಯನ್ನೂ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.

ಓದಿದವರು ನಗುತ್ತಾರೆ ಎಂದುಕೊಂಡಿದ್ದೆ. ತಾವು ನಗಲಿಲ್ಲ. “ಸದರಿ ಗುಂಡಣ್ಣ ಎಂಬುವವರು ನಿಗದಿತ ಸ್ನಾತಕೋತ್ತರ ಪದವಿ ಹೊಂದಿಲ್ಲದಿರುವುದು ಕಂಡುಬಂದಿರುವುದರಿಂದ ಸದರಿಯವರ ಸೇವೆಯನ್ನು ತಕ್ಷಣದಿಂದ ಕೈಬಿಡಲಾಗಿದೆ. ಮೂರು ದಿನದೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು” ಎಂದು ನೋಟೀಸು ಬಂತು. ಸದರಿಯವರ ಕೈಗೇ ಕೊಟ್ಟೆವು. ಮೂರು ದಿನ ಬೇಕಾಗಲಿಲ್ಲ, ಮೂರೇ ನಿಮಿಷದಲ್ಲಿ ಅರ್ಧ ತಿಂದ. ಮೇಡಂ ತಮ್ಮ ಕಚೇರಿಗೆ ಫೋನ್ ಮಾಡಿ, ಅದು ಕೂಸು ಸ್ವಾಮಿ, ಹಾಲು ಕುಡಿಯುವ ಕೂಸು ಎಂದು ಬಿಡಿಸಿ ಹೇಳಿದರು. ಆ ಕಡೆಯಿಂದ ಬಂದ ಉತ್ತರವನ್ನು ನಾನೇ ಸ್ಪೀಕರಿನಲ್ಲಿ ಕೇಳಿದ್ದೇನೆ: “ಕೂಸು ಅಂತ ನಮಗೂ ಗೊತ್ತಾಯ್ತು ಮೇಡಂ. ಆದ್ರೆ ಆದೇಶಕ್ಕೆ ಸಹಿ ಆಗೋಗಿದೆಯಲ್ಲ!”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾವು ಅವಳನ್ನೂ ಮೀರಿಸಿದಿರಿ; ನೆಲವೇ ಬೇಡ ಎಂದಿರಿ. ಪದವಿಯಿಲ್ಲದ ಕೂಸುಗಳೆಲ್ಲ ಹೊರಗೆ ಹೋದವು, ಚಾಪೆಗಳು ಉಗ್ರಾಣಕ್ಕೆ ಹೋದವು. ಈಗ ಕಲಿಯುವವರು ಕುರ್ಚಿಯಲ್ಲಿ ಕೂತು, ಗೋಡೆಯ ಮೇಲೆ ಕೂಸಿನ ಚಿತ್ರ ನೋಡಿ, ಟಿಪ್ಪಣಿ ಬರೆದುಕೊಳ್ಳುತ್ತಾರೆ. ಮೇಜಿನ ಮೇಲೆ ಗೊಂಬೆ ಮಲಗಿರುತ್ತದೆ. ಅದರ ಹೊಟ್ಟೆ ಬಕೆಟ್ಟಿನ ತಳದಷ್ಟು ಗಟ್ಟಿ, ಕಾಲು ಒಂದೇ ಕಡೆಗೆ ತಿರುಗುತ್ತದೆ. ಈಜು ಕಲಿಸಲಿಕ್ಕೆ ತಾವು ಬಾವಿಯ ಫೋಟೋ ಸಾಕು ಎನ್ನುತ್ತೀರಾ? ಅಂಥವರ ಕೈಗೆ ತಮ್ಮ ಮಗನನ್ನು ಕೊಟ್ಟು ನೀರಿಗಿಳಿಸುತ್ತೀರಾ?

ತಾವು ಕೊಡಲಿಕ್ಕಿಲ್ಲ. ನಾನು ಗಂಡನನ್ನು ಕೊಟ್ಟೆ. ನಮ್ಮನೆಯವರು ನೆಲಕ್ಕೆ ಟೈಲ್ಸ್ ಕೂರಿಸುವವರು. ಇಪ್ಪತ್ತೆಂಟು ವರ್ಷದಿಂದ ಅವರ ದುಡಿಮೆಯೆಲ್ಲ ಅಂಬೆಗಾಲಿನಲ್ಲೇ. ಮೂರು ತಿಂಗಳ ಹಿಂದೆ ಟೈಲ್ಸಿನ ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿಯಿತು. ಕೂಸುಗಳ ಪಕ್ಕ ಮಲಗಿ ಕಲಿತಿದ್ದ ಫಿಸಿಯೋ ಡಾಕ್ಟರಮ್ಮ ಅವರನ್ನು ಮಗುಚಿಸಿ, ಏಳಿಸಿ, ಮಂಡಿಯೂರುವ ತನಕ ತಂದಿದ್ದರು. ಅಷ್ಟರಲ್ಲಿ ಆ ತಾಯಿಗೆ ಹೆರಿಗೆ ರಜೆ. ಅವರ ಜಾಗಕ್ಕೆ ಬಂದ ಹುಡುಗ ಡಾಕ್ಟರು ಗೊಂಬೆ ಬ್ಯಾಚಿನವರು. ಒಳ್ಳೆಯ ಮನಸ್ಸಿನವರೇ. ಆದರೆ ಅವರು ಹೇಳಿದ್ದು, “ಹೊಟ್ಟೆ ಒಳಗೆ ಎಳ್ಕೊಳ್ಳಿ, ಹಾಗೇ ಗಟ್ಟಿಯಾಗಿ ಹಿಡ್ಕೊಳ್ಳಿ.”

ನಮ್ಮನೆಯವರು ಡಾಕ್ಟರು ಹೇಳಿದರೆ ವೇದವಾಕ್ಯ ಎನ್ನುವವರು. ಹಿಡಿದುಕೊಂಡರು. ಕೂತಾಗ ಹಿಡಿದರು, ನಡೆದಾಗ ಹಿಡಿದರು, ಊಟ ಮಾಡುವಾಗಲೂ ಹಿಡಿದರು. ಹೊಟ್ಟೆ ಬಿಗಿಹಿಡಿದವರಿಗೆ ಮಾತು ಎಲ್ಲಿಂದ ಬರಬೇಕು? ಮದುವೆಯಾದ ಮೇಲೆ ಮೊದಲ ಸಲ ನನ್ನ ಮಾತಿಗೆ ಎದುರುತ್ತರ ಬರಲಿಲ್ಲ. ನಿಜ ಹೇಳುತ್ತೇನೆ, ಎರಡು ದಿನ ನಾನು ದೇವರಿಗೆ ವಿಶೇಷವಾಗಿ ಕೈಮುಗಿದೆ. ಮೂರನೆಯ ದಿನ ಅವರು ಖಾಲಿ ಬಕೆಟ್ ಎತ್ತಲು ಬಗ್ಗಿ, ಹಾಗೇ ಉಳಿದುಬಿಟ್ಟರು. “ಏ ಇವಳೇ, ಬಾರೇ” ಎಂದ ದನಿ ಕೇಳಿ ಓಡಿದೆ. ಕಣ್ಣಲ್ಲಿ ನೀರಿತ್ತು. ಅವರ ಮೇಸ್ತ್ರಿ ಹಿಂದಿನ ದಿನವಷ್ಟೇ ಬಂದು, “ಅಣ್ಣಾ, ನಿನ್ನ ಜಾಗ ತಿಂಗಳ ಕೊನೇವರೆಗೂ ಹಿಡಿದಿಟ್ಟಿರ್ತೀನಿ, ಆಮೇಲೆ ನನ್ನ ಕೈಲಿಲ್ಲ” ಎಂದು ಹೇಳಿ ಹೋಗಿದ್ದ. ನೆಲ ಬಿಟ್ಟರೆ ಅವರಿಗೆ ಬೇರೆ ಕೆಲಸ ಗೊತ್ತಿಲ್ಲ, ಸಾಹೇಬರೇ.

ಮರುದಿನ ನಾನು ಹುಡುಗ ಡಾಕ್ಟರನ್ನು ಕೂಸಿನ ಮನೆಯ ಬಾಗಿಲಲ್ಲೇ ಹಿಡಿದೆ.

“ಡಾಕ್ಟ್ರೇ, ಯಾವಾಗಾದ್ರೂ ಕೂಸಿನ ಪಕ್ಕ ಮಲಗಿದೀರಾ?”

“ನಮ್ಮ ಬ್ಯಾಚಿಗೆ ಗೊಂಬೆ ತೋರಿಸಿದ್ರು ಆಯಮ್ಮ. ಸರ್ಟಿಫಿಕೇಟ್ ಇದೆ ನನ್ಹತ್ರ.”

“ಗೊಂಬೆ ಉಸಿರಾಡ್ತಿತ್ತಾ?”

ಹುಡುಗ “ಇಲ್ಲ” ಎಂದ. ಸುಳ್ಳು ಹೇಳದ ಹುಡುಗ, ಉದ್ಧಾರವಾಗುತ್ತಾನೆ. ಹೊಸದಾಗಿ ಸೇರಿದ ನಾಲ್ಕು ತಿಂಗಳ ಪುಟ್ಟಕ್ಕ ಕಾಲೆತ್ತಿಕೊಂಡು ಸೂರು ನೋಡುತ್ತಿದ್ದಳು. ಅವಳ ತಾಯಿಯನ್ನು ಕೇಳಿ, ಇಸ್ತ್ರಿ ಪ್ಯಾಂಟಿನ ಡಾಕ್ಟರನ್ನು ಪಕ್ಕದಲ್ಲಿ ಮಲಗಿಸಿದೆ. ಒಂದು ಕೈಯನ್ನು ಪುಟ್ಟಕ್ಕನ ಪಕ್ಕೆಯ ಮೇಲೆ, ಇನ್ನೊಂದನ್ನು ಅವರ ಪಕ್ಕೆಯ ಮೇಲೇ ಇಡಿಸಿದೆ. ಪುಟ್ಟಕ್ಕನ ಪಕ್ಕೆ ಉಬ್ಬಿತು. ಅವರದ್ದು ಕಲ್ಲಿನ ಹಾಗೆ ಇತ್ತು. ಊಟದ ಬಿಡುವೆಲ್ಲ ಅವರು ಅಲ್ಲೇ ಮಲಗಿ ಆ ಕೂಸಿನ ಜೊತೆ ಉಸಿರಾಡಿದರು. ಏಳುವಾಗ, “ಆಯಮ್ಮ, ಪುಸ್ತಕದಲ್ಲಿ ಇದೇ ಇತ್ತು. ನನಗೆ ಗೊತ್ತಾಗಿರ್ಲಿಲ್ಲ” ಎಂದರು. ಅವತ್ತು ಸಂಜೆಯೇ ಮನೆಗೆ ಬಂದು ನಮ್ಮನೆಯವರ ಮುಂದೆ ಕೂತು, “ಯಜಮಾನ್ರೇ, ನಾನು ಹೇಳಿದ್ದು ತಪ್ಪು. ಹೊಟ್ಟೆ ಬಿಡಿ” ಎಂದರು.

“ಪೂರ್ತಿ ಬಿಡ್ಲಾ?”

“ಪೂರ್ತಿ ಬಿಡಿ. ಸುತ್ತಲೂ ತುಂಬೋ ಹಾಗೆ ಉಸಿರು ತಗೊಳ್ಳಿ.”

ನಮ್ಮನೆಯವರು ತಗೊಂಡರು. ತಗೊಂಡು, ನನ್ನ ಕಡೆ ತಿರುಗಿ, ಕೂಡಿಟ್ಟಿದ್ದ ಎದುರುತ್ತರಗಳನ್ನೆಲ್ಲ ಒಂದೇ ಸಮನೆ ಕೊಟ್ಟರು. ಸದ್ಯ ಹತ್ತು ನಿಮಿಷ ಮಂಡಿ ಮತ್ತು ಅಂಗೈ ಊರಿ ನಿಲ್ಲುತ್ತಾರೆ. ತಿಂಗಳು ಮುಗಿಯಲು ಇನ್ನು ಒಂಬತ್ತು ದಿನ. ದೇವರ ಮೇಲೆ ಭಾರ ಹಾಕಿದ್ದೇನೆ, ಹುಡುಗ ಡಾಕ್ಟರ ಮೇಲೂ.

ಹೌದು, ಕೂಸನ್ನು ಪಾಠಕ್ಕೆ ಬಳಸಬಾರದೆಂಬ ತಮ್ಮ ಆದೇಶವನ್ನು ನಾನು ಮುರಿದೆ. ಒಬ್ಬ ಡಾಕ್ಟರಿಗೋಸ್ಕರ ಮುರಿದೆ, ಏಕೆಂದರೆ ಸೊಂಟ ನನ್ನ ಮನೆಯದು. ಆದರೆ ಸೋಮವಾರ ಹೊಸ ಬ್ಯಾಚಿನಲ್ಲಿ ಇಪ್ಪತ್ತು ಜನ ಬರುತ್ತಿದ್ದಾರೆ. ಅವರು ಇಪ್ಪತ್ತು ಕಡೆ ಹೋಗಿ, ಎಷ್ಟೋ ಮನೆಗಳ ಸೊಂಟಕ್ಕೆ ಕೈ ಹಾಕುತ್ತಾರೆ. ಆ ಮನೆಗಳಿಗೆಲ್ಲ ನಾನು ಆಯಾ ಅಲ್ಲ. ಆದ್ದರಿಂದ ಸೋಮವಾರದೊಳಗೆ ಚಾಪೆ ಹೊರಗೆ ಬರಬೇಕು, ಕುರ್ಚಿ ಒಳಗೆ ಹೋಗಬೇಕು, ತಾಯಂದಿರು ಒಪ್ಪಿದ ಕೂಸಿಗೆ ದಿನಕ್ಕೆ ಅರ್ಧ ಗಂಟೆ ಆ ಕೊಠಡಿಯಲ್ಲಿ ಜಾಗ ಕೊಡಬೇಕು. ಗೊಂಬೆಯನ್ನು ತಾವೇ ಇಟ್ಟುಕೊಳ್ಳಿ, ಅದು ಯಾವ ಆದೇಶಕ್ಕೂ ಎದುರಾಡುವುದಿಲ್ಲ.

ಪರಿಶೀಲಿಸಲಾಗುವುದು ಎಂದು ಮಾತ್ರ ಬರೆಯಬೇಡಿ. ಅಷ್ಟು ವ್ಯವಧಾನ ನಮ್ಮಲ್ಲಿಲ್ಲ. ಗುಂಡಣ್ಣನಿಗೆ ಈಗ ಒಂಬತ್ತೂವರೆ ತಿಂಗಳು, ತೊಟ್ಟಿಲ ಕಂಬಿ ಹಿಡಿದು ನಿಲ್ಲುತ್ತಾನೆ, ನಿನ್ನೆ ಒಂದು ಕೈ ಬಿಟ್ಟ. ತಮ್ಮಲ್ಲಿ ಒಂದು ಕಡತ ಮೇಜಿನಿಂದ ಮೇಜಿಗೆ ತೆವಳುವಷ್ಟರಲ್ಲಿ ಅವನು ಓಡುತ್ತಿರುತ್ತಾನೆ, ಪುಟ್ಟಕ್ಕ ಮಗುಚುವುದನ್ನು ಮುಗಿಸಿರುತ್ತಾಳೆ. ಈ ಮೇಷ್ಟರುಗಳು ತಮ್ಮ ಸಹಿಗೆ ಕಾಯುವ ಪೈಕಿಯಲ್ಲ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪುಟ್ಟಕ್ಕನನ್ನು ಎತ್ತಿಕೊಂಡು ಕೊಠಡಿಯ ಬಾಗಿಲಿಗೆ ಬರುತ್ತೇನೆ. ತಡೆಯುವುದಿದ್ದರೆ ಜವಾನರನ್ನು ಕಳಿಸಬೇಡಿ, ತಾವೇ ಬನ್ನಿ. ಬಂದವರು ಬೂಟು ಬಿಚ್ಚಿ ಅವಳ ಪಕ್ಕ ಐದು ನಿಮಿಷ ಮಲಗಿ. ಎದ್ದ ಮೇಲೂ ಇದು ಬೇಡ ಅನ್ನಿಸಿದರೆ, ಅಲ್ಲೇ ನನ್ನನ್ನು ಕೆಲಸದಿಂದ ತೆಗೆಯಿರಿ. ಏಳಲಿಕ್ಕೆ ಮಾತ್ರ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬನ್ನಿ.

ಇಂತಿ,
ಸೋಮವಾರ ಒಂಬತ್ತೂವರೆಯ ತನಕವಂತೂ ಕೆಲಸದಲ್ಲಿರುವ,
ಕೂಸಿನ ಮನೆಯ ಆಯಾ