ಬೋರಲು ಹಾಕದ ಪಾತ್ರೆಗಳು

ನಂದಗುಡಿ
9-2-2025

ಅಶ್ವತ್ಥಕ್ಕನಿಗೆ ತಂಗಿ ಕದಿರಮ್ಮ ಮಾಡುವ ನಮಸ್ಕಾರ.

ಬೂದಿಗೆರೆಯಿಂದ ನೀನು ಮೂರು ಸಲ ಫೋನ್ ಮಾಡಿದರೂ ಮೈಗೆ ಹುಷಾರಿಲ್ಲವೆಂದು ಇಟ್ಟುಬಿಟ್ಟೆ. ತಪ್ಪು ತಿಳಿಯಬೇಡ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನನಗಿಲ್ಲ. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಗುಮ್ಮನೂ ಇಲ್ಲ, ದೆವ್ವವೂ ಇಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ಈಗ ಮಟಮಟ ಮಧ್ಯಾಹ್ನವೇ ಹೆದರುತ್ತಿದ್ದೇನೆ.

ನನ್ನ ಮಗಳು ಅಕ್ಷತ ಚೆನ್ನಾಗಿದ್ದಾಳೆ, ಈಗ ಐದು ತಿಂಗಳ ಬಸುರಿ. ಅವಳು ಕೆಲಸ ಮಾಡುವ ಅಂಡಮಾನಿನ ಆ ದ್ವೀಪದಲ್ಲಿ ನರ್ಸಮ್ಮ ಎಂದರೆ ಎಲ್ಲರಿಗೂ ಗೊತ್ತು. ಊರೆಂದರೆ ತೆಂಗಿನ ಮರಗಳ ಕೆಳಗೆ ನಲವತ್ತು ತಗಡಿನ ಮನೆ, ಅಂಗಳದ ತುಂಬಾ ಒಣಗಲು ಹಾಕಿದ ಮೀನು. ಶ್ರೀಕಾಕುಳದ ಕಡೆಯಿಂದ ಬಂದು ನೆಲೆಸಿದವರು. ನಮ್ಮ ತೆಲುಗು ಕೇಳಿ ನಗುತ್ತಾರೆ. ಅಳಿಯ ಅಪ್ಪಲರಾಜು ನಸುಕಿನಲ್ಲೇ ತನ್ನ ಸಣ್ಣ ದೋಣಿಯಲ್ಲಿ ಒಬ್ಬನೇ ಹೋಗಿ ಮಧ್ಯಾಹ್ನಕ್ಕೆ ಬರುತ್ತಾನೆ. ಬೀಗಿತ್ತಿ ನೂಕಮ್ಮ ಅತ್ತಿಗೆ ಎನ್ನುವಂತೆ ಬಾಯ್ತುಂಬಾ 'ವದಿನಾ' ಎಂದು ಕರೆದು, ಮುಳ್ಳು ಬಿಡಿಸಿ ಮೀನು ಬಡಿಸಿದಳು. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಹೇಳದೆ ಕೇಳದೆ ಮದುವೆಯಾದ ಮಗಳನ್ನು ವಾಪಸ್ಸು ಕರೆತರುತ್ತೇನೆಂದು ನಿನ್ನೆದುರೇ ಹಟ ಹಿಡಿದು ಹೊರಟವಳಲ್ಲವೇ ನಾನು.

ಅಲ್ಲಿಗೆ ಹೋದ ಮೊದಲ ದಿನ ಪಾತ್ರೆ ತೊಳೆದು, ನಮ್ಮ ಮನೆಯ ಹಾಗೆಯೇ ಜಗಲಿಯ ಮೇಲೆ ಸಾಲಾಗಿ ಬೋರಲು ಹಾಕಿದೆ. ನೂಕಮ್ಮ ಓಡಿ ಬಂದು ಒಂದೊಂದನ್ನೇ ಬಾಯಿ ಮೇಲೆ ಮಾಡಿಟ್ಟಳು. ಗಂಡಸರು ಸಮುದ್ರದಲ್ಲಿರುವಾಗ ಮನೆಯಲ್ಲಿ ಪಾತ್ರೆ ಬೋರಲಾದರೆ ಅಲ್ಲಿ ದೋಣಿಯೂ ಮಗುಚುತ್ತದಂತೆ. ನನಗೆ ಒಳಗೊಳಗೇ ನಗು ಬಂತು.

"ಗೊತ್ತಿಲ್ದೆ ಮಾಡಿದ್ದಕ್ಕೆ ಗಂಗಮ್ಮ ಮುನಿಯಲ್ಲ, ಬಿಡಿ ವದಿನಾ" ಎಂದಳು.

ಮೂರನೆಯ ದಿನ ಗಾಳಿ ಎದ್ದಿತು. ಉಳಿದ ದೋಣಿಗಳೆಲ್ಲ ಬಂದವು, ಅಪ್ಪಲರಾಜುವಿನದು ಬರಲಿಲ್ಲ. ಹೆಂಗಸರು ದಡದಲ್ಲಿ ಕುಳಿತರು. ಯಾರೂ ಅಳಲಿಲ್ಲ, ಅದನ್ನು ಕಂಡೇ ನನ್ನ ಜೀವ ಬಾಯಿಗೆ ಬಂತು. ಅಕ್ಷತ ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಅತ್ತೆಯ ಕೈ ಹಿಡಿದು ಕೂತಿದ್ದಳು. ಮಾರನೆಯ ಬೆಳಿಗ್ಗೆ ಬೇರೆ ದೋಣಿಯವರು ಅವನನ್ನು ಕರೆತಂದರು. ಅಲೆಗೆ ದೋಣಿ ಮಗುಚಿ, ಅದರ ತಳವನ್ನೇ ತಬ್ಬಿಕೊಂಡು ತೇಲುತ್ತಿದ್ದನಂತೆ. ಉಪ್ಪಿಗೆ ತುಟಿಯೆಲ್ಲ ಒಡೆದಿತ್ತು. ಬಂದವನೇ ನನ್ನ ಕಾಲಿಗೆ ಬಿದ್ದು, "ನಿಮ್ಮ ಕಾಲ್ಗುಣ ಅತ್ತಮ್ಮ, ಉಳ್ಕೊಂಡೆ" ಅಂದ. ನನಗೆ ಆಶೀರ್ವಾದ ಮಾಡಲು ಕೈಯೇ ಏಳಲಿಲ್ಲ.

ಈಗ ಇಲ್ಲಿ ಒಂದು ಲೋಟವನ್ನೂ ಬೋರಲು ಹಾಕಲಾರೆ. ಹಲ್ಲಿ ಬೀಳುತ್ತದೆಂದು ನಮ್ಮ ಯಜಮಾನರು ರೇಗುತ್ತಾರೆ. ನಸುಕಿನಲ್ಲಿ ಅಳಿಯ ದೋಣಿ ಇಳಿಸುವ ಹೊತ್ತಿಗೆ ಎಚ್ಚರವಾಗುತ್ತದೆ, ಎದ್ದು ಅಡಿಗೆಮನೆಯೆಲ್ಲ ನೋಡಿ ಬರುತ್ತೇನೆ.

ಘಾಟಿ ದೇವಸ್ಥಾನಕ್ಕೆ ಹೋದಾಗ ಅವನ ಹೆಸರಿನಲ್ಲಿ ಅರ್ಚನೆ ಮಾಡಿಸು. ನಿನ್ನ ಮೊಮ್ಮಗಳು ಹರ್ಷಿತಳಿಗೆ ಆಶೀರ್ವಾದ, ಪರೀಕ್ಷೆ ಚೆನ್ನಾಗಿ ಬರೆಯಲಿ.

ನಿನ್ನ ತಂಗಿ,
ಕದಿರಮ್ಮ

ತಾ.ಕ.: ಗಾಳಿ ಎದ್ದ ಆ ಮೂರನೆಯ ದಿನ ಬೆಳಿಗ್ಗೆ ಅಕ್ಷತ, ನಾನು ಬರಲ್ಲಮ್ಮ, ಇದೇ ನನ್ನ ಮನೆ ಎಂದಳು. ಹೊಟ್ಟೆ ಉರಿದುಹೋಯಿತು ಅಕ್ಕ. ಯಾರೂ ಇಲ್ಲದಾಗ ಜಗಲಿಯ ಮೇಲಿದ್ದ ಚೊಂಬನ್ನು ಬೋರಲು ಹಾಕಿದೆ. ಗೊತ್ತಿದ್ದೇ ಹಾಕಿದೆ. ಸಂಜೆ ನೋಡಿದರೆ ಅದು ಬಾಯಿ ಮೇಲಾಗಿ ಕೂತಿತ್ತು. ಯಾರು ಸರಿಮಾಡಿಟ್ಟರೆಂದು ನಾನು ಕೇಳಲಿಲ್ಲ. ಚೊಚ್ಚಲ ಹೆರಿಗೆಗೆ ತವರಿಗೆ ಬರುವುದಿಲ್ಲ ಎಂದು ನಿನ್ನೆ ಅಕ್ಷತ ಫೋನಿನಲ್ಲಿ ಹೇಳಿದಳು. ಯಾಕೆಂದು ಅದನ್ನೂ ನಾನು ಕೇಳಲಿಲ್ಲ.