ಮೂವತ್ತೆಂಟು ನಿಮಿಷ ಫ್ಯಾನಿನ ಸದ್ದು ಆಲಿಸಿದ ಕಚೇರಿಗೆ

ಮಾನ್ಯ ಮುಖ್ಯ ವಿಚಾರಣಾಧಿಕಾರಿಗಳೇ,

ಕಾರ್ಖಾನೆ ಅಪಘಾತಗಳ ವಿಚಾರಣೆ ನಡೆಸುವ ನಿಮ್ಮ ಕಚೇರಿಗೆ ಊರಿನಲ್ಲೇ ಅತಿ ವೇಗದ ಇಂಟರ್‌ನೆಟ್ ಇದೆ. ಆ ವೇಗದ ತುದಿಯಲ್ಲಿ ಕೂತಿರುವ ನಿಮ್ಮ ಜಾಲತಾಣಕ್ಕೆ ನನ್ನ ತಂಗಿಯ ಹೇಳಿಕೆಯನ್ನು ತೆಗೆದುಕೊಳ್ಳಲು ಹನ್ನೊಂದು ಗಂಟೆ ಬೇಕು. ಅರ್ಧ ಗಂಟೆಯಾದ ಕೂಡಲೇ ಅದು 'ನಿಮ್ಮ ಅವಧಿ ಮುಗಿದಿದೆ' ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಆ ಹೊತ್ತಿಗೆ ಶೇಕಡಾ ನಾಲ್ಕರಷ್ಟು ಹೋಗಿರುತ್ತದೆ. ಮತ್ತೆ ಮೊದಲಿನಿಂದ ಶುರು. ಹೀಗೆ ಹದಿನೇಳು ಸಲ ಮಾಡಿದ ಮೇಲೆ, ಖಾಸಗಿಯಾಗಿ ಬೇಡಿಕೊಳ್ಳುವುದರಲ್ಲಿ ಅರ್ಥವಿಲ್ಲವೆಂದು ಎಲ್ಲರ ಮುಂದೆ ಬರೆಯುತ್ತಿದ್ದೇನೆ.

'ನಿಮ್ಮ ಕಡೆಯ ಇಂಟರ್‌ನೆಟ್ ನಿಧಾನ ಇರಬೇಕು' ಎಂಬ ಉತ್ತರವನ್ನು ದಯವಿಟ್ಟು ಬೇರೆ ಯಾರಿಗಾದರೂ ಉಳಿಸಿಕೊಳ್ಳಿ. ನಾನು ಕೇಬಲ್ ಜೋಡಿಸುವವನು. ಕೂದಲೆಳೆಯಂಥ ಗಾಜಿನ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದೇ ನನ್ನ ಹೊಟ್ಟೆಪಾಡು. ನಾಲ್ಕು ವರ್ಷದ ಹಿಂದೆ ನಿಮ್ಮ ಕಟ್ಟಡದ ಎರಡನೇ ಮಹಡಿಯ ಮೆಟ್ಟಿಲ ಕೆಳಗೆ ಹೊಟ್ಟೆಯ ಮೇಲೆ ಮಲಗಿ ಆ ಎಳೆ ಬೆಸೆದವನು ನಾನೇ. ಮೀಟರ್ ಹಿಡಿದು ವೇಗ ತೋರಿಸಿದೆ, ನಿಮ್ಮ ಸಹಾಯಕರು ಸಹಿ ಹಾಕಿದರು, ಮಾರನೆಯ ದಿನ ಯಾರೋ ಬಂದು ಹಸಿರು ದೀಪ ಮಿನುಗುವ ಪೆಟ್ಟಿಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ನನ್ನ ಮನೆಗೂ ಅದೇ ಕೇಬಲ್. ತಂಗಿಯ ವಿಡಿಯೋ ಎರಡು ಜಿಬಿ. ಅದನ್ನು ಬ್ರೌಸರಿನ ಗೊಡವೆಯಿಲ್ಲದೆ ನನ್ನ ಜೊತೆ ಕೆಲಸ ಮಾಡುವವನ ಮನೆಯ ಕಂಪ್ಯೂಟರಿಗೆ ಕಳಿಸಿ ನೋಡಿದೆ. ಅವನು ಫೋನಿನಲ್ಲಿ 'ಹೂಂ, ಕಳಿಸು' ಎಂದು ಹೇಳಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ತಲುಪಿತ್ತು.

ಹಾಗಾದರೆ ಹನ್ನೊಂದು ಗಂಟೆ ಯಾಕೆ? ನಿಮ್ಮ ಜಾಲತಾಣ ಕಡತವನ್ನು ಚೂರು ಚೂರಾಗಿ ಕೇಳುತ್ತದೆ. ಒಂದು ಚೂರು ತಲುಪಿ, ಅದರ ತಪಾಸಣೆ ಮುಗಿದು, 'ಸರಿ' ಎಂಬ ಉತ್ತರ ಬರುವವರೆಗೆ ಬ್ರೌಸರ್ ಮುಂದಿನ ಚೂರನ್ನು ಕೈಯಲ್ಲಿ ಹಿಡಿದು ಕಾಯಬೇಕು. ಗೋದಾಮಿನ ಬಾಗಿಲು ಲಾರಿ ನುಗ್ಗುವಷ್ಟು ಅಗಲ, ಒಳಗೆ ಇಟ್ಟಿಗೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳಲು ಒಬ್ಬನೇ ಆಳು. ನಿಮ್ಮವರಿಗೂ ಇದೇ ಗತಿ ಎಂಬುದು ನನಗಿರುವ ಒಂದೇ ಸಮಾಧಾನ. ನಿಮ್ಮ ಕಚೇರಿಗೆ ಬಂದಾಗ ಗುಮಾಸ್ತರು ಎರಡು ಪುಟದ ಅರ್ಜಿ ನಮೂನೆಯನ್ನು ನಿಮ್ಮದೇ ಜಾಲತಾಣದಿಂದ ಇಳಿಸಿಕೊಡಲು ಹೊರಟರು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅವರು ಎದ್ದು ಹೋಗಿ, ಕೈಕಾಲು ತೊಳೆದು, ಊಟ ಮುಗಿಸಿ ಬಂದರು. ಚಕ್ರ ಇನ್ನೂ ತಿರುಗುತ್ತಿತ್ತು.

"ದಿನಾ ಹೀಗೇನಾ?" ಎಂದೆ.

"ಸ್ಪೀಡ್ ಎಲ್ಲಾ ಚೆನ್ನಾಗಿದೆ," ಎಂದರು ಅವರು, "ಕೆಲಸ ಮಾತ್ರ ಆಗಲ್ಲ."

ಇಷ್ಟು ಖಚಿತವಾದ ತಾಂತ್ರಿಕ ವರದಿಯನ್ನು ಕೊಟ್ಟವರಿಗೆ ನೀವು ಬಡ್ತಿ ಕೊಡಬೇಕು.

ಎರಡು ಜಿಬಿಯ ಹೇಳಿಕೆ ಯಾರಿಗಾದರೂ ಯಾಕೆ ಬೇಕು ಎಂದು ನೀವು ಕೇಳಬಹುದು. ನನ್ನ ತಂಗಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ಅವಳ ಭಾಷೆ ಕೈಯಲ್ಲಿದೆ. ಬರೆಯಲು ಅವಳಿಗೆ ತನ್ನ ಹೆಸರು, ಮನೆಯ ವಿಳಾಸ, ಅಂಗಡಿ ಸಾಮಾನು, ಇಷ್ಟು ಬರುತ್ತದೆ. ಮಾತು ಬರುವವರು ತಮ್ಮ ದೂರನ್ನು ಒಂದು ಪುಟದಲ್ಲಿ ಟೈಪು ಮಾಡಿ ಒಂದು ಕ್ಷಣದಲ್ಲಿ ಕಳಿಸುತ್ತಾರೆ. ಅವಳು ಕ್ಯಾಮೆರಾ ಎದುರು ಕೂತು ಮೂವತ್ತೆಂಟು ನಿಮಿಷ ಕೈಯಾಡಿಸಬೇಕು. ನಾನು ಅದನ್ನು ಬರೆದುಕೊಟ್ಟಿದ್ದೆ. 'ಸಂಬಂಧಿಕರ ಅನುವಾದ ಸ್ವೀಕಾರಾರ್ಹವಲ್ಲ, ಇಲಾಖೆಯ ದುಭಾಷಿಯೇ ವಿಡಿಯೋ ನೋಡಬೇಕು' ಎಂದಿರಿ. ನ್ಯಾಯವಾದ ಮಾತು, ಒಪ್ಪಿದೆ. ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ತಂದರೆ ಬಾಗಿಲ ಕಾವಲುಗಾರ ವೈರಸ್ ಎಂದು ತಡೆದ. ತುಂಡು ಮಾಡಿ ಕಳಿಸೋಣವೆಂದರೆ ಒಬ್ಬ ಸಾಕ್ಷಿಗೆ ಒಂದೇ ಕಡತ. ಗಾತ್ರ ಇಳಿಸಿ ಕಳಿಸಿದೆ, ಅದು ಹೇಗೋ ಒಳಗೆ ಹೋಯಿತು. ವಾರದ ಮೇಲೆ 'ಬೆರಳುಗಳು ಸ್ಪಷ್ಟವಾಗಿಲ್ಲ' ಎಂದು ವಾಪಸು ಬಂತು. ಅದೂ ನಿಜವೇ. ಹಾಗೆ ಹಿಂಡಿದ ವಿಡಿಯೋದಲ್ಲಿ ಅವಳ ಕೈ ಗಂಜಿಯಂತೆ ಕಲಸಿಹೋಗಿತ್ತು.

ಆಮೇಲೆ ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ಆ ಯುವಕ ಬಹಳ ವಿನಯವಂತ.

"ಸರ್, ವಿಡಿಯೋನೇ ಭಾರ ಆಗ್ತಿರೋದು. ಒಂದ್ ಕೆಲ್ಸ ಮಾಡಿ, ವಿಡಿಯೋ ತೆಗೆದುಬಿಟ್ಟು ಆಡಿಯೋ ಮಾತ್ರ ಕಳಿಸಿ. ಮಾತು ತಾನೇ ಮುಖ್ಯ?"

"ಅವಳು ಮಾತಾಡಲ್ಲಪ್ಪ. ಸನ್ನೆ ಮಾಡ್ತಾಳೆ."

"ಪರವಾಗಿಲ್ಲ ಸರ್, ಆಡಿಯೋ ಯಾವುದಿದ್ರೂ ತಗೊಳ್ಳುತ್ತೆ."

ಇಲ್ಲಿಂದ ಮುಂದಿನದು ನನ್ನ ತಪ್ಪು, ಮುಚ್ಚಿಡುವುದಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಇವರ ಯೋಗ್ಯತೆ ಇಷ್ಟೇ ಆದರೆ ತಗೊಳ್ಳಲಿ ಎಂದು, ಚಿತ್ರ ತೆಗೆದುಹಾಕಿ ಬರೀ ಸದ್ದನ್ನು ಕಳಿಸಿದೆ. ಮೂವತ್ತೆಂಟು ನಿಮಿಷ ನಮ್ಮ ಮನೆಯ ಫ್ಯಾನು ತಿರುಗುವ ಸದ್ದು, ನಡುವೆ ಒಮ್ಮೆ ನಾನು ಕೆಮ್ಮಿದ್ದು. ಮೂರೇ ನಿಮಿಷದಲ್ಲಿ ಹೋಯಿತು. ಯಾರಾದರೂ ಗಾಬರಿಯಾಗಿ ಫೋನು ಮಾಡುತ್ತಾರೆ, ಆಗ ಬೈಯೋಣ ಎಂದು ಕಾದು ಕೂತೆ.

ನಾಲ್ಕನೇ ದಿನ ನಿಮ್ಮ ಪತ್ರ ಬಂತು. 'ಸಾಕ್ಷಿಯ ಹೇಳಿಕೆಯನ್ನು ಪೂರ್ಣವಾಗಿ ಆಲಿಸಲಾಗಿದೆ. ಸಾಕ್ಷಿಯು ಆಡಳಿತ ವರ್ಗದ ವಿರುದ್ಧ ಯಾವುದೇ ಆರೋಪ ಮಾಡಿರುವುದಿಲ್ಲ. ಹೆಚ್ಚುವರಿ ಕಡತ ಸ್ವೀಕರಿಸಲಾಗುವುದಿಲ್ಲ. ಬರುವ ಶುಕ್ರವಾರ ಸಂಜೆ ಐದಕ್ಕೆ ವಿಚಾರಣೆ ಮುಕ್ತಾಯಗೊಳ್ಳಲಿದೆ.'

ಸ್ವಾಮಿ, ಆಲಿಸಿದವರು ಯಾರು? ಅವರನ್ನು ಒಮ್ಮೆ ನೋಡಬೇಕೆಂಬ ಆಸೆಯಿದೆ. ಫ್ಯಾನಿನ ಸದ್ದಿನಲ್ಲಿ ಆರೋಪವಿಲ್ಲ ಎಂದು ತೀರ್ಮಾನಿಸಲು ಎಷ್ಟನೇ ನಿಮಿಷದವರೆಗೆ ಕಾದರು? ನನ್ನ ಕೆಮ್ಮನ್ನು ಟಿಪ್ಪಣಿ ಮಾಡಿಕೊಂಡರೇ? ಕೇಳದೆಯೇ ಸಹಿ ಹಾಕಿದ್ದರೆ ಅವರು ಸುಳ್ಳುಗಾರರು, ಕೇಳಿ ಹಾಕಿದ್ದರೆ ಏನೆನ್ನಬೇಕೋ ನೀವೇ ಹೇಳಿ.

ಆ ವಿಡಿಯೋದಲ್ಲಿ ಏನಿತ್ತೆಂಬುದನ್ನು, ನನ್ನ ಅನುವಾದ ಸ್ವೀಕಾರಾರ್ಹವಲ್ಲದಿದ್ದರೂ, ಊರಿಗೆ ಹೇಳುತ್ತೇನೆ. ತಂಗಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದಾಳೆ. ಅವಳ ಪಕ್ಕದ ಯಂತ್ರದಲ್ಲಿ ಅವಳ ಗೆಳತಿ. ಕೆನ್ನೆಗೆ ಬೆರಳೊತ್ತಿ ತೋರಿಸಿದರೆ ಅದು ಆ ಗೆಳತಿಯ ಹೆಸರು, ಹಾಗಾಗಿ ನಮ್ಮ ಮನೆಯಲ್ಲೂ ಅವಳು ಗುಳಿಕೆನ್ನೆ. ಕೈ ಒಳಗೆ ಹೋಗದಂತೆ ಯಂತ್ರಕ್ಕೊಂದು ಕಬ್ಬಿಣದ ಜಾಲರಿ ಇತ್ತು. ಅದು ಇದ್ದರೆ ಕೆಲಸ ತಡವಾಗುತ್ತದೆಂದು ಒಂದು ದಿನ ಬೆಳಿಗ್ಗೆ ಸೂಪರ್‌ವೈಸರ್ ತಾನೇ ಸ್ಪ್ಯಾನರ್ ಹಿಡಿದು ಬಿಚ್ಚಿದ. ಮಧ್ಯಾಹ್ನದೊಳಗೆ ಗುಳಿಕೆನ್ನೆಯ ಬಲಗೈಯ ಮೂರು ಬೆರಳು ಹೋದವು. ಈಗ ಜಾಲರಿ ಬಿಚ್ಚಿದ್ದು ಅವಳೇ ಎಂದು ಕಾರ್ಖಾನೆ ಬರೆದುಕೊಟ್ಟಿದೆ. ಉಳಿದವರೆಲ್ಲ ಬೆನ್ನು ತಿರುಗಿಸಿ ಕೆಲಸ ಮಾಡುತ್ತಿದ್ದರು. ನೋಡಿದವಳು ನನ್ನ ತಂಗಿ ಒಬ್ಬಳೇ.

ಇನ್ನೊಂದು ಮಾತು. ಆ ಕಾರ್ಖಾನೆಯಲ್ಲಿ ಇನ್ನೂರು ಜನರಿದ್ದಾರೆ. ಅಷ್ಟು ಜನರಲ್ಲಿ ನನ್ನ ತಂಗಿಯ ಭಾಷೆ ಕಲಿತವಳು ಗುಳಿಕೆನ್ನೆ ಮಾತ್ರ. ಊಟದ ಹೊತ್ತಿನಲ್ಲಿ ಇಬ್ಬರೂ ಸೂಪರ್‌ವೈಸರನ ಮುಖದೆದುರೇ ಅವನನ್ನು ಆಡಿಕೊಂಡು ನಗುತ್ತಿದ್ದರಂತೆ. ಈಗ ಅವಳು ಉಳಿದೆರಡು ಬೆರಳಲ್ಲಿ ಏನಾದರೂ ಹೇಳಿದರೆ ತಂಗಿ ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೇಳುತ್ತಾಳೆ. ಇದನ್ನು ಬರೆಯುವಾಗ ನನಗೆ ದುಃಖ ಬರುತ್ತದೆ, ಸಿಟ್ಟೂ ಬರುತ್ತದೆ.

ನಿಮ್ಮ ಪತ್ರ ಬಂದ ದಿನ ತಂಗಿ ಓಡಿ ಬಂದು, ಅವರು ಏನಂದ್ರು ಎಂದು ಕೈಯಲ್ಲಿ ಕೇಳಿದಳು.

ಪೂರ್ತಿ ಕೇಳಿದ್ದಾರಂತೆ ಎಂದೆ.

"ಹಾಗಾದ್ರೆ ಬಿಚ್ಚಿದ್ದು ಯಾರು ಅಂತ ಅವರಿಗೆ ಗೊತ್ತಾಯ್ತಲ್ಲ?" ಎಂದು ಅವಳ ಕೈ ಕೇಳಿತು. ಮುಖ ಅರಳಿತ್ತು.

ನಾನು ಕಳಿಸಿದ್ದು ಬರೀ ಸದ್ದು ಎಂದು ಹೇಳಲೇಬೇಕಾಯಿತು. ಅವಳು ಕೊನೆಯವರೆಗೂ ನನ್ನ ಕೈಯನ್ನೇ ನೋಡಿದಳು. ಆಮೇಲೆ ಕಣ್ಣು ಮುಚ್ಚಿಕೊಂಡಳು. ಕಿವಿ ಕೇಳದವಳು ಕಣ್ಣು ಮುಚ್ಚಿಕೊಂಡರೆ ನೀವು ಕ್ಷಮೆ ಕೇಳುವುದಕ್ಕೂ ದಾರಿಯಿರುವುದಿಲ್ಲ.

ನನ್ನ ಒತ್ತಾಯ ಇಷ್ಟು. ನಿಮ್ಮ ಜಾಲತಾಣ ಹಾಳಾಗಿಹೋಗಲಿ, ಅದನ್ನು ರಿಪೇರಿ ಮಾಡಿಸಿ ಎಂದು ಕೇಳುವಷ್ಟು ನಂಬಿಕೆ ನನಗಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ತಂಗಿ ನಿಮ್ಮ ಕೋಣೆಯ ಬಾಗಿಲಿಗೆ ಬರುತ್ತಾಳೆ, ಜೊತೆಗೆ ಗುಳಿಕೆನ್ನೆಯೂ ಇರುತ್ತಾಳೆ. ದುಭಾಷಿಯನ್ನು ಕರೆಸಿ, ಅವಳೆದುರು ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಆ ಯಂತ್ರದಲ್ಲಿ ಈಗ ಬೇರೊಬ್ಬ ಹೆಂಗಸು ಕೆಲಸ ಮಾಡುತ್ತಿದ್ದಾಳೆ. ಜಾಲರಿಯನ್ನು ಇನ್ನೂ ಹಾಕಿಲ್ಲ.

ಇಂತಿ,
ಸಿಟ್ಟಿನ ಭರದಲ್ಲಿ ತಂಗಿಯ ಮಾತು ಕಿತ್ತುಕೊಂಡ,
ಮೂರು ದಿನದಿಂದ ಅವಳು ಕಣ್ಣೆತ್ತಿ ನೋಡದ ಅಣ್ಣ